ನಗುತ್ತಲೇ ಮಾತಾಡಿಸಿದ ತಬಸ್ಸುಮ್



ಉರ್ದುವಿನಲ್ಲಿ ತಬಸ್ಸುಮ್ ಅಂದರೆ ಮುಗುಳ್ನಗೆ. ಆ ಹೆಸರಿಟ್ಟಿದ್ದು ಹಿಂದೂ ತಂದೆ, ತಾಯಿಯ ಧರ್ಮದ ಮೇಲಿನ ಗೌರವಕ್ಕಾಗಿ. ಮುಸ್ಲಿಂ ತಾಯಿಯೂ ಸುಮ್ಮನಿರಲಿಲ್ಲ, ತಂದೆಯ ಧರ್ಮವನ್ನು ಗೌರವಿಸಿ ಮಗಳನ್ನು ಕಿರಣ್ ಬಾಲಾ ಎಂದು ಕರೆದರು. ಇಬ್ಬರೂ ಸ್ವಾತಂತ್ರ್ಯ ಹೋರಾಟಗಾರರು. 1944ರ ಜುಲೈಯಲ್ಲಿ ಹುಟ್ಟಿದ ಆ ಮಗಳು 2022ರ ನವೆಂಬರ್ 18ರಂದು, 78ನೇ ವಯಸ್ಸಿನಲ್ಲಿ, ಮುಂಬಯಿಯಲ್ಲಿ ತೀರಿಕೊಂಡರು.

1947ರಲ್ಲೇ ಅವರು ಬೇಬಿ ತಬಸ್ಸುಮ್ ಆಗಿ ತೆರೆಗೆ ಬಂದಿದ್ದರು. 1951ರ 'ದೀದಾರ್' ಚಿತ್ರದಲ್ಲಿ ನರ್ಗಿಸ್ ಅವರ ಬಾಲ್ಯದ ಪಾತ್ರ, ಮರುವರ್ಷ 'ಬೈಜು ಬಾವ್ರಾ'ದಲ್ಲಿ ಮೀನಾ ಕುಮಾರಿಯವರ ಬಾಲ್ಯದ ಪಾತ್ರ. 'ದೀದಾರ್'ನಲ್ಲಿ ಕುದುರೆಯ ಮೇಲೆ ಕೂತು ಹಾಡುವ ಪುಟ್ಟ ಹುಡುಗಿಯನ್ನು ಹಳೆಯ ಹಾಡು ಮೆಚ್ಚುವವರು ಮರೆತಿರಲಾರರು.

ಮುಂಬಯಿಯಲ್ಲಿ ಟಿವಿ ಕೇಂದ್ರ ಶುರುವಾದದ್ದು 1972ರ ಅಕ್ಟೋಬರ್ 2ರಂದು. ಆಗಿನ್ನೂ ಟಿವಿ ಆಕಾಶವಾಣಿಯದೇ ಒಂದು ಅಂಗ. ದೂರದರ್ಶನ ಬೇರೆಯಾಗಿದ್ದು 1976ರಲ್ಲಿ. ಕೇಂದ್ರ ತೆರೆದ ವಾರದೊಳಗೇ, ಅಕ್ಟೋಬರ್ 8ರಂದು, ತಬಸ್ಸುಮ್ ಅವರ 'ಫೂಲ್ ಖಿಲೇ ಹೈಂ ಗುಲ್ಶನ್ ಗುಲ್ಶನ್' ಆರಂಭವಾಯಿತು. ಸಿನಿಮಾದವರನ್ನು ಎದುರಿಗೆ ಕೂರಿಸಿಕೊಂಡು ಹರಟುವ ಕಾರ್ಯಕ್ರಮ. 1993ರ ತನಕ, ಇಪ್ಪತ್ತೊಂದು ವರ್ಷ ನಡೆಯಿತು. ಕಪ್ಪು ಬಿಳುಪಿನ ಟಿವಿ ಬಣ್ಣಕ್ಕೆ ತಿರುಗಿತು, ಒಂದೇ ಚಾನೆಲ್ ಇದ್ದ ಮನೆಗಳಿಗೆ ಕೇಬಲ್ ಬಂತು. ಕೂದಲಿಗೆ ಹೂ ಮುಡಿದ ಆ ನಿರೂಪಕಿ ಮಾತ್ರ ಬದಲಾಗಲಿಲ್ಲ.

ಅವರು ಗಟ್ಟಿ ಪ್ರಶ್ನೆ ಕೇಳುತ್ತಿರಲಿಲ್ಲ ಎನ್ನುವವರಿದ್ದಾರೆ. ನಿಜ, ಅತಿಥಿಯನ್ನು ಇಕ್ಕಟ್ಟಿಗೆ ಸಿಕ್ಕಿಸುವುದು ಅವರ ದಾರಿಯಲ್ಲ. ಆದರೆ ಒಂದು ಯೋಚಿಸಿ. ಪರದೆಯ ಮೇಲೂ ಪತ್ರಿಕೆಯ ಫೋಟೋದಲ್ಲೂ ಮಾತ್ರ ಕಾಣುತ್ತಿದ್ದ ತಾರೆಯರು ನಮ್ಮ ನಿಮ್ಮ ಹಾಗೆ ನಗುವುದನ್ನು, ಮಾತಿಗೆ ತಡವರಿಸುವುದನ್ನು ಜನ ಮನೆಯಲ್ಲೇ ಕೂತು ನೋಡಿದ್ದು ಆಗಲೇ. ಬಾಲ್ಯದಿಂದ ಸ್ಟುಡಿಯೋದಲ್ಲೇ ಬೆಳೆದ ಹುಡುಗಿಯ ಮುಂದೆ ಅವರಿಗೆ ಬಿಗುಮಾನ ಎಲ್ಲಿಂದ ಬರಬೇಕು? ಮೈಕಿನ ಮುಂದೆ ಕೂರುವ ನನಗೆ ಇದು ಚೆನ್ನಾಗಿ ಗೊತ್ತು: ಎದುರಿನವರ ಅಂಜಿಕೆ ಬಿಡಿಸುವುದೇ ಅರ್ಧ ಕೆಲಸ.

ಒಂದು ಕೊರಗೂ ಇದೆ. ಆ ಕಾಲದಲ್ಲಿ ಟೇಪು ದುಬಾರಿ. ಹಳೆಯದನ್ನು ಅಳಿಸಿ ಅದರ ಮೇಲೇ ಹೊಸದನ್ನು ಮುದ್ರಿಸುವುದು ದೂರದರ್ಶನದಲ್ಲಿ ಸಾಮಾನ್ಯವಾಗಿತ್ತು. ಹಾಗೆ ಎಷ್ಟೋ ಮಾತು ಗಾಳಿಗೆ ಹೋಯಿತು. ಆಡಿದ ಮಾತಿನ ಆಯುಷ್ಯ ಎಷ್ಟು ಕಡಿಮೆಯೆಂದು ರೇಡಿಯೋದವರಿಗೆ ಹೇಳಿಕೊಡಬೇಕಿಲ್ಲ. ತಬಸ್ಸುಮ್ ಇದನ್ನು ಅರಿತಿದ್ದರೋ ಏನೋ, ಎಪ್ಪತ್ತು ದಾಟಿದ ಮೇಲೂ ಯೂಟ್ಯೂಬಿನಲ್ಲಿ 'ತಬಸ್ಸುಮ್ ಟಾಕೀಸ್' ನಡೆಸಿ, ತಾವು ಕಂಡ ಕಲಾವಿದರ ಕಥೆಗಳನ್ನು ಒಂದೊಂದಾಗಿ ಹೇಳಿದರು. ಟೇಪು ಉಳಿಸದಿದ್ದುದನ್ನು ಅವರ ನೆನಪು ಉಳಿಸಿತು.

ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ. ಆ ಕಾರ್ಯಕ್ರಮ ನೋಡಲು ಯಾರ ಮನೆಗೆ ಹೋಗುತ್ತಿದ್ದರು, ಎಷ್ಟು ಜನ ಸೇರುತ್ತಿದ್ದರು ಎಂದು. ಅವರು ಹೇಳಿದ್ದನ್ನು ನಮಗೂ ಬರೆದು ಕಳಿಸಿ. ಅದೂ ಪ್ರಸಾರದ ಚರಿತ್ರೆಯೇ.