ನಿದ್ದೆಗೆಟ್ಟ ವೈದ್ಯ, ಹಾಸಿಗೆಯ ಮೇಲಿನ ರೋಗಿ

ದೊಡ್ಡ ಆಸ್ಪತ್ರೆಗಳಲ್ಲಿ ಅಪರಾತ್ರಿ ರೋಗಿಯ ಬಳಿಗೆ ಧಾವಿಸುವವರು ಸಾಮಾನ್ಯವಾಗಿ ಹಿರಿಯ ತಜ್ಞರಲ್ಲ. ತರಬೇತಿಯಲ್ಲಿರುವ ಕಿರಿಯ ವೈದ್ಯರು. ಅವರಿಗೆ 'ರೆಸಿಡೆಂಟ್' ಎಂಬ ಹೆಸರಿದೆ. 'ಅಲ್ಲೇ ವಾಸಿಸುವವರು' ಎಂದು ಅದರ ಅರ್ಥ. ಈ ಹೆಸರಿನ ಹಿಂದೆ ಒಂದು ಚರಿತ್ರೆಯೇ ಇದೆ.

1889ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ಆರಂಭವಾಯಿತು. ವೈದ್ಯವಿದ್ಯೆಯನ್ನು ರೋಗಿಯ ಪಕ್ಕದಲ್ಲಿದ್ದೇ ಕಲಿಯಬೇಕೆಂಬುದು ಅಲ್ಲಿನ ವಿಲಿಯಂ ಆಸ್ಲರ್ ಮತ್ತು ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ಅವರ ನಿಲುವು. ಅದರಂತೆ ಕಿರಿಯ ವೈದ್ಯರು ಆಸ್ಪತ್ರೆಯಲ್ಲೇ ನೆಲೆಸಿ ಹಗಲಿರುಳು ದುಡಿದರು. ಈ ಪದ್ಧತಿ ಕ್ರಮೇಣ ಇತರ ಆಸ್ಪತ್ರೆಗಳಿಗೂ ಹಬ್ಬಿತು. ಮುಂದೆ ಔಷಧಗಳು ಹೆಚ್ಚಿದವು, ಚಿಕಿತ್ಸೆ ಜಟಿಲವಾಯಿತು. ದುಡಿಮೆಯ ಗಂಟೆಗಳು ಮಾತ್ರ ಇಳಿಯಲಿಲ್ಲ.

1984ರ ಮಾರ್ಚ್‌ನಲ್ಲಿ 18 ವರ್ಷದ ಲಿಬ್ಬಿ ಜಿಯಾನ್ ಜ್ವರದಿಂದ ನ್ಯೂಯಾರ್ಕಿನ ಆಸ್ಪತ್ರೆಯೊಂದಕ್ಕೆ ದಾಖಲಾಗಿ, ಬೆಳಗಾಗುವಷ್ಟರಲ್ಲಿ ತೀರಿಕೊಂಡಳು. ಅವಳು ಖಿನ್ನತೆಗಾಗಿ ಸೇವಿಸುತ್ತಿದ್ದ ಫಿನೆಲ್ಜಿನ್ ಜೊತೆ ಕೊಡಬಾರದ ಪೆಥಿಡಿನ್ ಚುಚ್ಚುಮದ್ದನ್ನು ಅವಳಿಗೆ ಕೊಡಲಾಗಿತ್ತು. ಸಾವಿನ ನಿಖರ ಕಾರಣದ ಬಗ್ಗೆ ವಿವಾದ ಉಳಿದಿದೆ. ಆದರೆ ಅವಳನ್ನು ನೋಡಿಕೊಂಡ ಕಿರಿಯ ವೈದ್ಯರ ಮೇಲೆ ಇನ್ನೂ ಅನೇಕ ರೋಗಿಗಳ ಹೊಣೆಯಿತ್ತು. ಪತ್ರಕರ್ತರಾಗಿದ್ದ ತಂದೆ ಸಿಡ್ನಿ ಜಿಯಾನ್ ಸುಮ್ಮನಿರಲಿಲ್ಲ. 1986ರಲ್ಲಿ ಗ್ರ್ಯಾಂಡ್ ಜ್ಯೂರಿ ಯಾರ ಮೇಲೂ ಕ್ರಿಮಿನಲ್ ಆರೋಪ ಹೊರಿಸದೆ, ತರಬೇತಿ ವ್ಯವಸ್ಥೆಯತ್ತಲೇ ಬೆರಳು ತೋರಿಸಿತು. 1989ರಲ್ಲಿ ನ್ಯೂಯಾರ್ಕ್ ರಾಜ್ಯ ವಾರಕ್ಕೆ 80 ಗಂಟೆ, ಒಮ್ಮೆಗೆ 24 ಗಂಟೆಯ ಮಿತಿ ಹಾಕಿತು. 2003ರಲ್ಲಿ 80 ಗಂಟೆಯ ಮಿತಿ ಅಮೆರಿಕಕ್ಕೆಲ್ಲ ಅನ್ವಯವಾಯಿತು.

ಅಷ್ಟಕ್ಕೇ ಸಮಸ್ಯೆ ಬಗೆಹರಿಯಲಿಲ್ಲ. ಪಾಳಿ ಚಿಕ್ಕದಾದಷ್ಟೂ ರೋಗಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವುದು ಹೆಚ್ಚುತ್ತದೆ. ಹೇಳಬೇಕಾದ ಮಾತು ನಡುವೆ ತಪ್ಪಿಹೋಗುತ್ತದೆ. ಹೊಸ ವೈದ್ಯರಿಗೆ 2011ರಲ್ಲಿ ವಿಧಿಸಿದ್ದ 16 ಗಂಟೆಯ ಮಿತಿಯನ್ನು 2017ರಲ್ಲಿ ಸಡಿಲಿಸಲಾಯಿತು. ಇದಕ್ಕೆ ಪರಿಹಾರ ಬೇರೆಡೆಯಿಂದ ಬಂತು. ಪಾಳಿ ಬದಲಾಗುವಾಗ ರೋಗಿಯ ಸ್ಥಿತಿ, ಮುಂದೇನು ಮಾಡಬೇಕು, ಏನಾದರೆ ಎಚ್ಚರ ವಹಿಸಬೇಕು ಎಂಬುದನ್ನು ಕ್ರಮವಾಗಿ ಒಪ್ಪಿಸುವ ವಿಧಾನವನ್ನು ಒಂಬತ್ತು ಆಸ್ಪತ್ರೆಗಳಲ್ಲಿ ಅನುಸರಿಸಲಾಯಿತು. ಅಲ್ಲಿ ತಡೆಯಬಹುದಾದ ಅನಾಹುತಗಳು ಶೇ 30ರಷ್ಟು ತಗ್ಗಿದವೆಂದು 2014ರ ಅಧ್ಯಯನ ತಿಳಿಸಿತು.

ಭಾರತದಲ್ಲಿ ಕೇಂದ್ರ ಸರ್ಕಾರದ 1992ರ ನಿರ್ದೇಶನವೇ ರೆಸಿಡೆಂಟ್ ವೈದ್ಯರಿಗೆ ಸಾಮಾನ್ಯವಾಗಿ ವಾರಕ್ಕೆ 48 ಗಂಟೆ, ಒಮ್ಮೆಗೆ 12 ಗಂಟೆ ಎಂದು ಹೇಳಿತ್ತು. ಇದು ಅಮೆರಿಕದ ನಿಯಮಕ್ಕಿಂತ ಎಷ್ಟೋ ಉದಾರ. ಆದರೆ 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ಮಾಡಿದ ಶಿಫಾರಸು, ವಾರಕ್ಕೆ 74 ಗಂಟೆ ಮೀರಬಾರದೆಂದು! 32 ವರ್ಷಗಳಲ್ಲಿ ಕಾಗದದ ನಿಯಮಕ್ಕೂ ವಾರ್ಡಿನ ವಾಸ್ತವಕ್ಕೂ ಬೆಳೆದ ಅಂತರವನ್ನು ಈ ಎರಡು ಅಂಕಿಗಳೇ ಹೇಳುತ್ತವೆ.

ದೂರ ಸಾಗುವ ಬಸ್ಸಿನ ಚಾಲಕನಿಗೆ ನಿದ್ದೆಯಾಗಿದೆಯೇ ಎಂದು ಪ್ರಯಾಣಿಕರು ವಿಚಾರಿಸುವುದುಂಟು. ಚೀಟಿ ಬರೆಯುವ ವೈದ್ಯರನ್ನು ರೋಗಿ ಹಾಗೆ ಕೇಳಲಾರ. ಅವನ ಪರವಾಗಿ ಕೇಳಬೇಕಾದದ್ದು ವ್ಯವಸ್ಥೆ.