ಪೆಟ್ರೋಮ್ಯಾಕ್ಸ್: ಅಟ್ಟ ಸೇರಿದ ದೀಪಕ್ಕೆ ಮರುಜೀವ

ವಿದ್ಯುತ್ ಬರುವ ಮುನ್ನ ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿ ಸುತ್ತಿನಂತಹ ಬಯಲುಸೀಮೆಯ ಊರುಗಳಲ್ಲಿ ಮದುವೆ ಮೆರವಣಿಗೆ, ಜಾತ್ರೆ ಹಾಗೂ ಮೂಡಲಪಾಯ ಬಯಲಾಟಗಳಿಗೆ ಇರುಳ ಬೆಳಕು ನೀಡಿದ್ದು ಪೆಟ್ರೋಮ್ಯಾಕ್ಸ್. ಜನರ ಬಾಯಲ್ಲಿ ಅದು ‘ಗ್ಯಾಸ್‌ಲೈಟ್’ ಆದರೂ ಉರಿಯುವುದು ಸೀಮೆಎಣ್ಣೆ. ಪಾವಗಡ ತಾಲ್ಲೂಕು ಇಂದು ಬೃಹತ್ ಸೌರವಿದ್ಯುತ್ ಪಾರ್ಕ್‌ಗೆ ಹೆಸರಾಗಿದೆ. ಹಳೆಯ ದೀಪಗಳು ಮಾತ್ರ ಹಿತ್ತಾಳೆಯ ತೂಕದ ಲೆಕ್ಕದಲ್ಲಿ ಗುಜರಿ ಸೇರುತ್ತಿವೆ.

ಕೆಲಸ ಮಾಡುವ ಬಗೆ

ಪಂಪಿನಿಂದ ತುಂಬಿದ ಗಾಳಿಯ ಒತ್ತಡ ಟ್ಯಾಂಕಿನ ಸೀಮೆಎಣ್ಣೆಯನ್ನು ಕಾದ ಕೊಳವೆಗೆ ಏರಿಸುತ್ತದೆ. ಅಲ್ಲಿ ಆವಿಯಾದ ಎಣ್ಣೆ ನಿಪ್ಪಲ್‌ನ ಸೂಕ್ಷ್ಮ ರಂಧ್ರದಿಂದ ಚಿಮ್ಮಿ, ಗಾಳಿಯೊಡನೆ ಬೆರೆತು ಮ್ಯಾಂಟಲ್‌ನಲ್ಲಿ ಉರಿಯುತ್ತದೆ. ಬೆಳಕು ಸೂಸುವುದು ಜ್ವಾಲೆಯಲ್ಲ, ಕಾದು ಬೆಳ್ಳಗಾದ ಮ್ಯಾಂಟಲ್. ಆಸ್ಟ್ರಿಯಾದ ವಿಜ್ಞಾನಿ ಕಾರ್ಲ್ ಔಯರ್ ಫಾನ್ ವೆಲ್ಸ್‌ಬಾಖ್ 1885ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು.

ಗುರುತಿಸುವುದು ಹೇಗೆ?

‘ಪೆಟ್ರೋಮ್ಯಾಕ್ಸ್’ ಎಂಬುದು ಬರ್ಲಿನ್‌ನ ಏರಿಕ್ ಅಂಡ್ ಗ್ರೆಟ್ಸ್ ಕಂಪನಿಯ ಮುದ್ರೆ. ಕಾಲಕ್ರಮೇಣ ಎಲ್ಲ ಒತ್ತಡದ ದೀಪಗಳಿಗೂ ಅದೇ ಹೆಸರು ಅಂಟಿತು. ಆದ್ದರಿಂದ ಟ್ಯಾಂಕ್, ಮೇಲಿನ ಟೋಪಿ ಮತ್ತು ತಿರುಗಣೆಯ ಮೇಲಿನ ಅಚ್ಚನ್ನು ಮೊದಲು ಓದಬೇಕು. ಸ್ವೀಡನ್ನಿನ ಆಪ್ಟಿಮಸ್, ಇಂಗ್ಲೆಂಡಿನ ಟಿಲ್ಲಿ, ಅಮೆರಿಕದ ಕೋಲ್‌ಮನ್ ಇತರ ಹೆಸರಾಂತ ತಯಾರಕರು. 829 ಎಂಬ ಸಂಖ್ಯೆ 500 ಕ್ಯಾಂಡಲ್ ಶಕ್ತಿಯ ಪೆಟ್ರೋಮ್ಯಾಕ್ಸ್ ಮಾದರಿಯದು. ‘ಪಶ್ಚಿಮ ಜರ್ಮನಿ’ ಎಂಬ ಅಚ್ಚಿದ್ದರೆ ಅದು 1949ರ ನಂತರದ ದೀಪ. ಅನುಕರಣೆಯ ದೀಪಗಳೂ ಹೇರಳವಾಗಿರುವುದರಿಂದ ಹೆಸರೊಂದನ್ನೇ ನಂಬಿ ಬೆಲೆ ಕಟ್ಟಬಾರದು.

ದುರಸ್ತಿಯ ಕ್ರಮ

ಮೊದಲು ಟ್ಯಾಂಕಿನ ಹಳೆಯ ಎಣ್ಣೆಯನ್ನು ಬಸಿದು, ಒಳಗೆ ತುಕ್ಕು ಅಥವಾ ಬಿರುಕು ಇದೆಯೇ ಎಂದು ನೋಡಬೇಕು. ಒಣಗಿದ ಪಂಪಿನ ಚರ್ಮದ ವಾಷರ್ ಎಣ್ಣೆಯಲ್ಲಿ ನೆನೆಸಿದರೆ ಮೆತ್ತಗಾಗುತ್ತದೆ. ಮುಚ್ಚಳದ ರಬ್ಬರ್ ವಾಷರ್ ಬದಲಿಸಬೇಕು. ಬಳಿಕ ಎಣ್ಣೆ ತುಂಬದೆಯೇ ಲಘುವಾಗಿ ಪಂಪ್ ಮಾಡಿ, ಬೆಸುಗೆಯ ಜಾಗಗಳಿಗೆ ಸೋಪಿನ ನೀರು ಹಚ್ಚಬೇಕು. ಗುಳ್ಳೆ ಎದ್ದರೆ ಸೋರಿಕೆಯಿದೆ ಎಂದರ್ಥ. ನಿಪ್ಪಲ್ ಕಟ್ಟಿಕೊಂಡಿದ್ದರೆ ದೀಪದ ಪಿನ್ನಿನಿಂದಲೇ ಬಿಡಿಸಬೇಕು. ದಪ್ಪ ತಂತಿ ಹಾಕಿದರೆ ರಂಧ್ರ ಅಗಲವಾಗಿ ಮಸಿ ಕಾರುತ್ತದೆ. ಹಿತ್ತಾಳೆಗೆ ಹುಣಸೆಹಣ್ಣು ಸಾಕು. ನಿಕಲ್ ಲೇಪವಿದ್ದರೆ ಉಜ್ಜದೆ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು.

ಎಚ್ಚರಿಕೆ

ಸೀಮೆಎಣ್ಣೆಯ ದೀಪಕ್ಕೆ ಪೆಟ್ರೋಲ್ ಹಾಕುವುದು ಪ್ರಾಣಕ್ಕೆ ಅಪಾಯ. ಎಣ್ಣೆಯ ಆವಿ ಉಳಿದ ಟ್ಯಾಂಕಿಗೆ ಬೆಸುಗೆ ಹಾಕಬಾರದು. ಬಿರುಕು ಬಿಟ್ಟ ಟ್ಯಾಂಕನ್ನು ಪ್ರದರ್ಶನಕ್ಕಷ್ಟೇ ಇಟ್ಟುಕೊಳ್ಳುವುದು ಒಳಿತು. ಹಳೆಯ ಮ್ಯಾಂಟಲ್‌ಗಳಲ್ಲಿ ವಿಕಿರಣಶೀಲ ಥೋರಿಯಂ ಇರುವುದರಿಂದ ಅದರ ಬೂದಿ ಉಸಿರಿಗೆ ಸೇರಬಾರದು. ಉರಿಸುವಾಗ ಗಾಳಿಯಾಡುವ ಜಾಗ ಬೇಕು. ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳಬಹುದು.

ಅಚ್ಚು, ಸಂಖ್ಯೆ ಹಾಗೂ ಮೂಲ ಭಾಗಗಳು ಉಳಿದಷ್ಟೂ ದೀಪದ ಚಾರಿತ್ರಿಕ ಮೌಲ್ಯ ಉಳಿಯುತ್ತದೆ. ಹೊಳಪಿನ ಆಸೆಗೆ ಅಚ್ಚು ಸವೆಸಿದರೆ ಉಳಿಯುವುದು ಬರೀ ಹಿತ್ತಾಳೆ.