ಕೂಳೆ ಹೊಲದ ಪಾರಿವಾಳ ಬೇಟೆ (ಬ್ರಿಟನ್)

ಕೊಯ್ಲಾದ ಗೋಧಿ, ಬಾರ್ಲಿ, ಬಟಾಣಿ ಹೊಲಗಳ ಕೂಳೆಗೆ ಉದುರುಕಾಳು ಹೆಕ್ಕಲು ಇಳಿಯುವ ಕಾಡುಪಾರಿವಾಳಗಳನ್ನು ಮರೆಯಲ್ಲಿ ಕುಳಿತು ತೋಟಾಕೋವಿಯಿಂದ ಹೊಡೆಯುವ ಪದ್ಧತಿ ಇದು. ಬ್ರಿಟನ್ನಿನ ಧಾನ್ಯ ಬೆಳೆಯುವ ಬಯಲುಗಳಲ್ಲಿ ಆಗಸ್ಟ್, ಸೆಪ್ಟೆಂಬರ್ ಇದರ ಕಾಲ. ಹಕ್ಕಿಯ ಶಾಸ್ತ್ರೀಯ ಹೆಸರು ಕೊಲಂಬಾ ಪಲುಂಬಸ್. ಕತ್ತಿನ ಪಕ್ಕ ಬಿಳಿ ಮಚ್ಚೆ, ರೆಕ್ಕೆಗೆ ಬಿಳಿ ಪಟ್ಟಿ, ತೂಕ ಸುಮಾರು ಅರ್ಧ ಕಿಲೋ. ನಮ್ಮ ಪಶ್ಚಿಮ ಘಟ್ಟದ ನೀಲಗಿರಿ ಕಾಡುಪಾರಿವಾಳವೂ ಇದೇ ಕುಲದ್ದು. ಅದು ಕಾಡಿನ ಹಣ್ಣನ್ನು ನಂಬಿ ಕಾಡಿನಲ್ಲೇ ಉಳಿಯಿತು, ಇದು ಹೊಲಕ್ಕಿಳಿದು ಹೆಚ್ಚಿತು. ಬ್ರಿಟಿಷ್ ಕಾನೂನು ಇದನ್ನು ಬೇಟೆಯ ಹಕ್ಕಿಯೆಂದು ಎಣಿಸದೆ ಬೆಳೆಗೆ ಕಂಟಕವಾದ ಪೀಡೆಯೆಂದು ಎಣಿಸುತ್ತದೆ. ಹಾಗಾಗಿ ಹೊಡೆಯುವವರು ಕೊಡಬೇಕಾದ ಕಾರಣವೂ ಬೆಳೆ ರಕ್ಷಣೆಯೇ. ಆದರೆ ಕೂಳೆಯಲ್ಲಿ ಬಿದ್ದ ಕಾಳು ರೈತನ ಕೈತಪ್ಪಿ ಹೋದ ಕಾಳು. ಹಕ್ಕಿ ಅದನ್ನು ತಿಂದರೆ ಯಾರಿಗೂ ನಷ್ಟವಿಲ್ಲ. ಈ ಬೇಟೆಯ ಇತಿಹಾಸವನ್ನು ಬೆಳೆ ರಕ್ಷಣೆಯ ಇತಿಹಾಸವೆಂದು ಓದುವುದಕ್ಕಿಂತ, ಯಂತ್ರ ಮತ್ತು ಸರ್ಕಾರಿ ನೀತಿ ಸೇರಿ ಬೆಳೆಸಿದ ಕ್ರೀಡೆಯ ಇತಿಹಾಸವೆಂದು ಓದುವುದೇ ಸರಿ.

ಹಿಂದೆ ಮಾತು ಬೇರೆಯಿತ್ತು. 18ನೇ ಶತಮಾನದಿಂದ ಇಂಗ್ಲೆಂಡಿನಲ್ಲಿ ಟರ್ನಿಪ್ ಮತ್ತು ಕ್ಲೋವರ್ ಮೇವಿನ ಬೆಳೆ ಹರಡಿದಂತೆ, ಓಕ್ ಮತ್ತು ಬೀಚ್ ಮರಗಳ ಬೀಜಕ್ಕೆ ಕಾಯುತ್ತಿದ್ದ ಕಾಡುಹಕ್ಕಿಗೆ ಚಳಿಗಾಲದಲ್ಲೂ ಹಸಿರು ಸಿಗತೊಡಗಿತು. ಆಗ ಕೊಯ್ಲು ಕೈಯಿಂದ. ಸಿವುಡು ಕಟ್ಟಿ ಹೊಲದಲ್ಲೇ ಒಣಗಲು ನಿಲ್ಲಿಸುತ್ತಿದ್ದರು, ಉದುರಿದ ತೆನೆಯನ್ನು ಬಡ ಹೆಂಗಸರು, ಮಕ್ಕಳು ಹಕ್ಕಲಾಯುತ್ತಿದ್ದರು. ಹಕ್ಕಿಗೆ ಉಳಿಯುತ್ತಿದ್ದದ್ದು ಕಡಿಮೆ. ಅದು ಬಾಯಿ ಹಾಕುತ್ತಿದ್ದದ್ದು ಹೆಚ್ಚಾಗಿ ನೆಲಕ್ಕೊರಗಿದ ಪೈರಿಗೆ, ನಿಲ್ಲಿಸಿದ ಸಿವುಡಿಗೆ. ಎರಡೂ ಇನ್ನೂ ರೈತನ ಸ್ವತ್ತು. ಅಂದು ಹೊಲದಲ್ಲಿ ಕೋವಿ ಹಿಡಿದವನಿಗೂ ಹಕ್ಕಿ ಓಡಿಸಲು ನಿಂತ ಹುಡುಗನಿಗೂ ಕೆಲಸ ಒಂದೇ ಆಗಿತ್ತು. ಎರಡನೇ ಮಹಾಯುದ್ಧದ ನಂತರ ಕಂಬೈನ್ ಹಾರ್ವೆಸ್ಟರ್ ಬಹುಬೇಗ ಹರಡಿತು. ಸಿವುಡು ಮಾಯವಾಯಿತು, ಹಕ್ಕಲಾಯುವವರೂ ಮಾಯವಾದರು. ಯಂತ್ರ ಚೆಲ್ಲಿದ ಕಾಳು ಮಾತ್ರ ಹೊಲದಲ್ಲಿ ಉಳಿಯಿತು. ಕೂಳೆಯ ಬೇಟೆ ಇಂದಿನ ರೂಪ ಪಡೆದದ್ದು ಇಲ್ಲಿ, ಅದರ ಹಳೆಯ ಕಾರಣ ಸಡಿಲವಾದದ್ದೂ ಇಲ್ಲಿಯೇ.

ಆದರೂ ಬೇಟೆ ಕಡಿಮೆಯಾಗಲಿಲ್ಲ. ಯುದ್ಧಕಾಲದ ಆಹಾರದ ಅಭಾವ ಪಾರಿವಾಳವನ್ನು ರಾಷ್ಟ್ರದ ಶತ್ರುವಾಗಿಸಿತ್ತು. 1947ರ ಕೃಷಿ ಕಾಯ್ದೆ ಪೀಡೆ ನಿಯಂತ್ರಿಸುವಂತೆ ಭೂಮಿಯ ಒಡೆಯರಿಗೆ ಆದೇಶಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಮುಂದೆ ತೋಟಾಗಳಿಗೆ ಸರ್ಕಾರದ ಸಹಾಯಧನವೂ ಬಂತು. ಇದರ ಜೊತೆಗೆ ಕಸುಬುಗಾರಿಕೆಯೂ ಬೆಳೆಯಿತು. ಹ್ಯಾಂಪ್‌ಶೈರ್‌ನ ಮೇಜರ್ ಆರ್ಚೀ ಕೋಟ್ಸ್ ಪಾರಿವಾಳ ಹೊಡೆಯುವುದನ್ನೇ ವೃತ್ತಿ ಮಾಡಿಕೊಂಡು, 1962ರ ಜನವರಿಯಲ್ಲಿ ಒಂದೇ ದಿನ 550 ಹಕ್ಕಿ ಹೊಡೆದು ಹೆಸರಾದರು. ಮರುವರ್ಷ ಈ ಬೇಟೆಯ ಬಗ್ಗೆ ಪುಸ್ತಕವನ್ನೂ ಬರೆದರು. ಹಕ್ಕಿಗಳ ಹಾರುದಾರಿಯನ್ನು ಮೊದಲೇ ಗುರುತಿಸುವುದು, ಬಲೆಯ ಮರೆ ಕಟ್ಟುವುದು, ಸತ್ತ ಹಕ್ಕಿಗಳನ್ನೇ ಗಾಳಿಗೆ ಮುಖಮಾಡಿ ದೀಮವಾಗಿ ಇಟ್ಟು ನಡುವೆ ಇಳಿಯಲು ಜಾಗ ಬಿಡುವುದು: ಇದೇ ಆ ಕಸುಬಿನ ತಿರುಳು. ಈಚೆಗೆ ಬ್ಯಾಟರಿಯಿಂದ ತಿರುಗುವ ದೀಮಯಂತ್ರವೂ ಸೇರಿಕೊಂಡಿದೆ. ಇಲ್ಲೊಂದು ಮಾತು ಹೇಳಲೇಬೇಕು. ಹಕ್ಕಿಯನ್ನು ಹೊಲದಿಂದ ದೂರವಿಡುವುದೇ ಉದ್ದೇಶವಾದರೆ, ಅದನ್ನು ಹೊಲಕ್ಕೆ ಕರೆಯುವ ವಿದ್ಯೆಗೆ ಇಷ್ಟು ಬುದ್ಧಿ ಖರ್ಚಾಗುತ್ತಿರಲಿಲ್ಲ.

ಕೊಲ್ಲುವುದರಿಂದ ಹಕ್ಕಿ ಕಡಿಮೆಯಾಗುತ್ತದೆ, ಆದ್ದರಿಂದ ಎಲ್ಲಿ ಕೊಂದರೂ ಬೆಳೆಗೆ ಲಾಭ ಎಂಬುದು ಮೊದಲ ಆಕ್ಷೇಪ. ಇದನ್ನು ಪರೀಕ್ಷಿಸಿದವರು ಕೃಷಿ ಸಚಿವಾಲಯದ ವಿಜ್ಞಾನಿ ಆರ್. ಕೆ. ಮರ್ಟನ್. ಕೇಂಬ್ರಿಜ್‌ಶೈರ್‌ನ ಕಾರ್ಲ್ಟನ್ ಸುತ್ತ ವರ್ಷಗಟ್ಟಲೆ ಹಕ್ಕಿ ಎಣಿಸಿದ ಅವರು, ಎಷ್ಟು ಪಾರಿವಾಳ ವಸಂತದವರೆಗೆ ಬದುಕುತ್ತದೆ ಎಂಬುದನ್ನು ನಿರ್ಧರಿಸುವುದು ಚಳಿಗಾಲದ ಕ್ಲೋವರ್ ಎಂದು ತೋರಿಸಿದರು. ಗುಂಡಿಗೆ ಬಿದ್ದ ಹಕ್ಕಿ ಬೀಳದಿದ್ದರೂ ಹಸಿವಿಗೆ ಬೀಳುತ್ತಿತ್ತು. ಅವರ ಪುಸ್ತಕ ‘ದಿ ವುಡ್‌ಪಿಜನ್’ 1965ರಲ್ಲಿ ಬಂತು. ಈ ತರ್ಕಕ್ಕೆ ಬೇಸಿಗೆಯ ಕೊನೆಯ ಬೇಟೆ ಇನ್ನಷ್ಟು ಸಿಕ್ಕಿಬೀಳುತ್ತದೆ. ಕಾಳು ಮಾಗುವ ಹೊತ್ತಿಗೆ ಹೊಂದಿಕೊಂಡು ಮರಿ ಮಾಡುವ ಹಕ್ಕಿ ಇದು. ಆಗ ಸಂಖ್ಯೆ ಉಕ್ಕುತ್ತಿರುತ್ತದೆ, ಮುಂದೆ ಚಳಿಗಾಲದ ಸೋಸುವಿಕೆ ಕಾದಿರುತ್ತದೆ. ಗೂಡಿನಲ್ಲಿ ಮರಿಯಿರುವಾಗ ತಾಯಿತಂದೆಯರನ್ನು ಕೊಲ್ಲುವ ಪ್ರಶ್ನೆಯೂ ಅದೇ ಕಾಲಕ್ಕೆ ಏಳುತ್ತದೆ.

ಇದಕ್ಕೆ ಬಲವಾದ ಉತ್ತರವೊಂದುಂಟು. 1970ರ ದಶಕದಿಂದ ಶರತ್ಕಾಲದಲ್ಲಿ ಬಿತ್ತುವ ರೇಪ್ ಎಣ್ಣೆಬೀಜದ ಬೆಳೆ ಹರಡಿ, ಚಳಿಗಾಲವಿಡೀ ಎಲೆಯ ಊಟ ಸಿಗುವಂತಾಯಿತು. ಮರ್ಟನ್ ಕಂಡ ಹಸಿವಿನ ಕಡಿವಾಣ ಸಡಿಲಿತು. ಹಾಗಾದರೆ ಈಗ ಗುಂಡಿಗೆ ಸತ್ತದ್ದು ನಿಜವಾದ ಇಳಿಕೆಯೇ ಇರಬಹುದು ಎನ್ನುವವರ ವಾದವನ್ನು ತಳ್ಳಿಹಾಕಲಾಗದು. ಆದರೆ ಬೇಟೆ ಬಿಡದೆ ನಡೆದ ಆ ದಶಕಗಳಲ್ಲೇ ಹಕ್ಕಿ ಏರುತ್ತ ಬಂದು, ಈಗ ಬ್ರಿಟನ್ನಿನಲ್ಲಿ ಸುಮಾರು 50 ಲಕ್ಷ ಜೋಡಿಗಳಿವೆ. ಪಕ್ಕದ ಹೊಲದಲ್ಲಿ ಆಗತಾನೆ ಮೊಳೆತ ರೇಪ್ ಸಸಿಯಿದ್ದರೆ ಕೂಳೆಯಲ್ಲಿ ಹೊಡೆದದ್ದೂ ರಕ್ಷಣೆಯೇ ಎಂಬ ಮಾತು ಇನ್ನಷ್ಟು ನ್ಯಾಯವಾದದ್ದು. ಅದು ಆಯಾ ಹೊಲಕ್ಕೆ ಮಾತ್ರ ಸಲ್ಲುವ ನ್ಯಾಯ. ಮಾಂಸ ಮಾರಾಟವಾಗುತ್ತದೆ, ಹಕ್ಕಿ ವ್ಯರ್ಥವಾಗುವುದಿಲ್ಲ ಎಂಬುದೂ ನಿಜವೇ. ಆದರೆ ಅದು ಬೇಟೆಗೆ ಕೊಡುವ ಕಾರಣ, ಪೀಡೆ ನಿಯಂತ್ರಣಕ್ಕೆ ಕೊಡುವ ಕಾರಣವಲ್ಲ.

ಹೇಳುವ ಕಾರಣಕ್ಕೂ ನಡೆಯುವ ಬೇಟೆಗೂ ನಡುವಿನ ಈ ಬಿರುಕನ್ನು ಕಾನೂನು ತಡವಾಗಿ ಮುಟ್ಟಿತು. ಯುರೋಪಿನ 1979ರ ಪಕ್ಷಿ ನಿರ್ದೇಶನದ ಪ್ರಕಾರ ಕಾಡುಹಕ್ಕಿ ಕೊಲ್ಲಲು ಕಾರಣ ತೋರಿಸಬೇಕು. ಬ್ರಿಟನ್ ಅದನ್ನು ಸಾಮಾನ್ಯ ಪರವಾನಗಿಗಳ ಮೂಲಕ ಪಾಲಿಸುತ್ತ ಬಂತು. ಯಾರೂ ಅರ್ಜಿ ಹಾಕಬೇಕಿರಲಿಲ್ಲ. 2019ರ ಏಪ್ರಿಲ್‌ನಲ್ಲಿ ವೈಲ್ಡ್ ಜಸ್ಟಿಸ್ ಸಂಸ್ಥೆಯ ಕಾನೂನು ಸವಾಲಿನ ನಂತರ ಸರ್ಕಾರಿ ಸಂಸ್ಥೆ ನ್ಯಾಚುರಲ್ ಇಂಗ್ಲೆಂಡ್ ಇಂಥ ಮೂರು ಪರವಾನಗಿಗಳನ್ನು ಹಿಂತೆಗೆದುಕೊಂಡಾಗ ಗ್ರಾಮೀಣ ಇಂಗ್ಲೆಂಡಿನಲ್ಲಿ ಗದ್ದಲವೆದ್ದಿತು, ಕೆಲವೇ ವಾರಗಳಲ್ಲಿ ಹೊಸ ಪರವಾನಗಿ ಬಂತು. ಇದಕ್ಕೆ ಹೋಲಿಸಿದರೆ, ಅಮೆರಿಕದಲ್ಲಿ ಕೊಯ್ದ ಹೊಲದ ಮೇಲೆ ಮೌರ್ನಿಂಗ್ ಡವ್ ಹಕ್ಕಿ ಹೊಡೆಯುವುದನ್ನು ನೇರವಾಗಿ ಬೇಟೆಯೆಂದೇ ಕರೆದು, ಋತು ಮತ್ತು ದಿನದ ಮಿತಿ ಹಾಕಿದ್ದಾರೆ. ಬ್ರಿಟನ್ನಿನ ಕಾಡುಪಾರಿವಾಳಕ್ಕೆ ಪೀಡೆಯ ಪಟ್ಟ ಇರುವುದರಿಂದಲೇ ಬಿಡುವಿನ ಋತುವೂ ಇಲ್ಲ, ಮಿತಿಯೂ ಇಲ್ಲ.